ಅಕ್ಕನ ಪಾಲು

ಮೈಕಮ್ಮನಿಗೆ ಆ ಹೆಸರಿಟ್ಟವರು ನಾವೇ. ಲಾಂಡ್ರಿಯ ಗೇಟಿನ ಮುಂದೆ ಮೊದಲ ಸಲ ಧರಣಿ ಕೂತ ದಿನ ಬಾಡಿಗೆಗೆ ತಂದ ಮೈಕು ಕೈಕೊಟ್ಟಿತು. ನಾನು ಭಾಷಣಕ್ಕೆ ನಿಂತು ಬಾಯಿ ಆಡಿಸುತ್ತಿದ್ದೇನೆ, ಹಿಂದಿನ ಸಾಲಿಗೆ ಒಂದಕ್ಷರ ಕೇಳುತ್ತಿಲ್ಲ. ಆಗ ಬಟ್ಟೆ ಮಡಿಸುವ ಈ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ಎದ್ದು, "ಅಣ್ಣ, ನೀನು ನನಗೆ ಕೇಳೋ ಹಾಗೆ ಹೇಳು ಸಾಕು. ಮಿಕ್ಕವರಿಗೆ ನಾನು ಹೇಳ್ತೀನಿ" ಅಂದಳು. ಹೇಳಿದಳು. ಮ್ಯಾನೇಜರು ಕಿಟಕಿ ಮುಚ್ಚಿಕೊಂಡ. ಅವತ್ತಿನಿಂದ ನಮ್ಮ ಸಂಘ ಮೈಕು ತರಿಸುವುದನ್ನೇ ಬಿಟ್ಟಿತು.

ಹೋರಾಟದಲ್ಲಿ ಇದ್ದವರ ಬಗ್ಗೆ ಬರೆಯುವಾಗ ನಾವು ಅವರು ಕೂಗಿದ್ದನ್ನೇ ಬರೆಯುತ್ತೇವೆ. ನನಗೆ ಅವಳು ತಿಂದಿದ್ದರ ಬಗ್ಗೆ ಬರೆಯಬೇಕು ಅನ್ನಿಸಿದೆ. ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರಿ. ತೂಕ ಮಾತ್ರ ಹಾಕಬೇಡ" ಅಂದಳು. ಹಾಕಿಲ್ಲ.

ಲಾಂಡ್ರಿ ಅಂದರೆ ರಸ್ತೆ ಮೂಲೆಯ ಇಸ್ತ್ರಿ ಅಂಗಡಿ ಅಲ್ಲ. ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಲಾರಿಗಟ್ಟಲೆ ಬರುತ್ತದೆ. ರಕ್ತ, ವಾಂತಿ, ಚೆಲ್ಲಿದ ಊಟ ಹತ್ತಿದ್ದೆಲ್ಲ ಒಂದು ಬಾಗಿಲಲ್ಲಿ ಒಳಗೆ ಹೋಗಿ ಇನ್ನೊಂದು ಬಾಗಿಲಲ್ಲಿ ಬೆಳ್ಳಗೆ ಹೊರಗೆ ಬರುತ್ತದೆ. ಬಿಸಿ ಉರುಳೆಗಳ ನಡುವೆ ನುಗ್ಗಿ ಬರುವ ಬೆಡ್‌ಶೀಟುಗಳನ್ನು ಮಡಿಸುವುದಕ್ಕೆ ಅಲ್ಲಿ ಇವತ್ತಿಗೂ ಯಂತ್ರ ಇಲ್ಲ. ಇಬ್ಬಿಬ್ಬರು ಹೆಂಗಸರು ಎದುರಾಬದುರು ನಿಂತು ಮೂಲೆ ಹಿಡಿಯಬೇಕು, ಜಗ್ಗಬೇಕು, ಉದ್ದಕ್ಕೆ ಮಡಿಸಬೇಕು. ಆಮೇಲೆ ಒಬ್ಬರ ಕಡೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಶೀಟು ದಾಟುತ್ತದೆ. ಮತ್ತೆ ಹಿಂದಕ್ಕೆ ಹೆಜ್ಜೆ. ದಿನವಿಡೀ ಸಿಮೆಂಟು ನೆಲದ ಮೇಲೆ ಇದೇ. ಜೋಡಿ ಹೊಂದದಿದ್ದರೆ ಸೂಪರ್‌ವೈಸರು ಮಡಿಕೆ ಬಿಚ್ಚಿ ಮುಖದ ಮೇಲೆ ಎಸೆಯುತ್ತಾನೆ.

ಮೈಕಮ್ಮನ ಜೋಡಿ ಅವಳ ಅಕ್ಕ. ಕೆಲಸಕ್ಕೆ ಸೇರಿದ್ದು ಒಟ್ಟಿಗೆ, ಇದ್ದದ್ದು ಒಂದೇ ಕೋಣೆಯ ಮನೆಯಲ್ಲಿ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ ಮೈಕಮ್ಮ, "ಬಂದ ಗಂಡುಗಳಿಗೆ ನಾನು ಜಾಸ್ತಿ ಆದೆ, ಅಕ್ಕ ಕಮ್ಮಿ ಆದಳು" ಅನ್ನುತ್ತಿದ್ದಳು. ನಿಜವಾಗಲೂ ಅಕ್ಕ ಹಂಚಿಕಡ್ಡಿ. ಮಾತೂ ಅಷ್ಟೇ ಕಮ್ಮಿ. ತಂಗಿ ಇಡೀ ಲಾಂಡ್ರಿಗೆ ಕೇಳುವ ಹಾಗೆ ಸೂಪರ್‌ವೈಸರನ ಜನ್ಮ ಜಾಲಾಡುತ್ತಿದ್ದರೆ, ಅಕ್ಕ ಎದುರು ತುದಿಯಿಂದ ಮೆಲ್ಲಗೆ, "ಹೊಟ್ಟೆ ಒಳಗೆ ಎಳ್ಕೊಳ್ಳೇ, ಮೂಲೆ ಸೇರ್ತಿಲ್ಲ" ಅನ್ನುತ್ತಿದ್ದಳು. ಸುತ್ತಲಿನವರು ನಗುತ್ತಿದ್ದರು. ಮೈಕಮ್ಮ ಹೊಟ್ಟೆ ಎಳೆದುಕೊಳ್ಳುತ್ತಿದ್ದಳು.

ಆ ಅಕ್ಕ ಕಾಮಾಲೆ ಅಂತ ಆಸ್ಪತ್ರೆ ಸೇರಿದವಳು ಎದ್ದು ಬರಲಿಲ್ಲ. ನಾನು ಹೋದಾಗ ಮೈಯ ಮೇಲೆ ಶೀಟು ಎಳೆದಿದ್ದರು. ನಮ್ಮ ಲಾಂಡ್ರಿಯದೇ ಶೀಟು. ಮೈಕಮ್ಮ ಅದರ ಅಂಚು ಹಿಡಿದು ಮಡಿಕೆಯ ಗೆರೆ ನೋಡಿ, "ಇದು ನಮ್ಮ ಕೈಯದ್ದಲ್ಲ, ಆ ಕಡೆ ಟೇಬಲ್ಲಿನವರದ್ದು" ಅಂದಳು. ಅಷ್ಟೇ. ಅಳಲಿಲ್ಲ. ಮಣ್ಣು ಮುಗಿಸಿ ಬಂದ ಮಾರನೆಯ ದಿನ ಕೆಲಸಕ್ಕೆ ಬಂದಳು. ಗಟ್ಟಿಗಿತ್ತಿ ಅಂತ ನಾವೆಲ್ಲ ಹೊಗಳಿದೆವು. ಹೊಗಳಿಕೆಗೆ ನಮಗೆ ಖರ್ಚೇನು.

ಮನೆಯಲ್ಲಿ ಏನಾಗುತ್ತಿತ್ತು ಅನ್ನುವುದು ಬಹಳ ಕಾಲದ ಮೇಲೆ ಗೊತ್ತಾಯಿತು. ಸಂಜೆ ಮನೆಗೆ ಬಂದು ಒಲೆ ಹಚ್ಚುತ್ತಾಳೆ. ಕೈ ತಾನಾಗಿ ಎರಡು ಲೋಟ ಅಕ್ಕಿ ಅಳೆಯುತ್ತದೆ, ಎರಡು ಮೊಟ್ಟೆ ಒಡೆಯುತ್ತದೆ. ಎರಡು ತಟ್ಟೆಗೆ ಬಡಿಸುತ್ತಾಳೆ. ತನ್ನದು ತಿಂದು ಮುಗಿಸುತ್ತಾಳೆ. ಎದುರಿಗೆ ಅಕ್ಕನ ತಟ್ಟೆ. ಸ್ವಲ್ಪ ಹೊತ್ತು ನೋಡುತ್ತಾಳೆ. ಆರಿ ಹೋಗುತ್ತದೆ ಅಂತ ಅದನ್ನೂ ಎಳೆದುಕೊಂಡು ತಿನ್ನುತ್ತಾಳೆ. "ಎಸೆಯೋಕಾಗತ್ತಾ ಅಣ್ಣ, ಅವಳ ಪಾಲು?" ಆಮೇಲೆ ಪಾತ್ರೆ ತೊಳೆಯುತ್ತಾ ಬ್ರೆಡ್ಡು. ಮಲಗುವ ಮುಂಚೆ ಕೆಳಗಿನ ಅಂಗಡಿಯ ಬಿಸ್ಕತ್ತು. ಹಸಿವಿಗಲ್ಲ. ಬಾಯಿ ಆಡುತ್ತಿರುವವರೆಗೆ ಕೋಣೆ ಸದ್ದಾಗಿರುತ್ತದೆ, ಅದಕ್ಕೆ.

ಹಸಿವಿಗಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ಅಕ್ಕ ಸತ್ತ ಮರುವರ್ಷ ನಾವು ಗೇಟಲ್ಲಿ ಉಪವಾಸ ಕೂತೆವು. ವಾರ ದಾಟುವುದರೊಳಗೆ ಗಂಡಸರು ಒಬ್ಬೊಬ್ಬರಾಗಿ ಗ್ಲುಕೋಸು ಬಾಟಲಿ ಹಿಡಿದು ಮಲಗಿದರು. ಮೈಕಮ್ಮ ನೀರು ಕುಡಿದುಕೊಂಡು ಕೊನೆಯವರೆಗೂ ಕೂತೇ ಇದ್ದಳು. "ಅವಳಿಗೇನು ಬಿಡಿ, ಗೋಡೌನಲ್ಲಿ ದಾಸ್ತಾನಿದೆ" ಅಂತ ಒಬ್ಬ ಕುಹಕ ಆಡಿದ. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ನನಗೆ ಹೇಳಿದಳು: "ಹಸಿವೇ ಆಗಲಿಲ್ಲ ಅಣ್ಣ. ಅಕ್ಕಪಕ್ಕ ಜನ ಮಲಗಿರ್ತಿದ್ರಲ್ಲ." ಗೆದ್ದೆವು. ಎಲ್ಲರಿಗೂ ವೈದ್ಯಕೀಯ ವಿಮೆ ಬಂತು. ಟೆಂಟು ಬಿಚ್ಚಿದ ಸಂಜೆ ಅವಳು ಮನೆಗೆ ಹೋಗಿ ಎರಡು ಲೋಟ ಅಕ್ಕಿ ಹಾಕಿದಳು.

ವರ್ಷಗಳು ಉರುಳಿದ ಹಾಗೆ ಮೈಕಮ್ಮ ಉಬ್ಬುತ್ತಾ ಹೋದಳು. ಮಂಡಿ ಸವೆದವು. ಸಕ್ಕರೆ ಕಾಯಿಲೆ ಬಂತು. ನಿದ್ದೆಯಲ್ಲಿ ಉಸಿರು ಕಟ್ಟತೊಡಗಿತು. ಅವಳಿಗೆ ಹೊಸ ಜೋಡಿಯಾಗಿ ಬಂದ ಹುಡುಗಿಗೆ ನಾವು ಕಡ್ಡಿ ಅಂತ ಹೆಸರಿಟ್ಟಿದ್ದೆವು. ಮೂಲೆ ಸೇರಿಸಲು ಮೈಕಮ್ಮನಿಗೆ ನಡೆಯಲಾಗದೆ, ಕಡ್ಡಿಯೇ ಅವಳ ಪಾಲಿನ ಹೆಜ್ಜೆಯನ್ನೂ ಹಾಕಿ ಪೂರ್ತಿ ದೂರ ಬರುತ್ತಿದ್ದಳು.

ಕೊನೆಗೆ ದೊಡ್ಡಾಸ್ಪತ್ರೆಯ ಸರ್ಜನ್ನು ಮುಚ್ಚುಮರೆ ಇಲ್ಲದೆ ಹೇಳಿದ. ಹೀಗೇ ಬಿಟ್ಟರೆ ಮಂಡಿ ಹೋಗುತ್ತದೆ, ಆಮೇಲೆ ಹೃದಯ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆಯೋಣ. ಉಳಿಯುವುದು ಒಂದು ಬಾಳೆಹಣ್ಣಿನಷ್ಟು.

"ಬಾಳೆಹಣ್ಣು ಚಿಕ್ಕ ಜಾತಿದೋ ದೊಡ್ಡ ಜಾತಿದೋ ಡಾಕ್ಟ್ರೇ?" ಅಂದಳು ಮೈಕಮ್ಮ.

ಅವನು ನಕ್ಕ. ಅವಳೂ ನಕ್ಕಳು. ಆದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸು ಅವಳ ನಗು ಇಳಿಸಿದಳು. ಆ ಹೆಂಗಸಿಗೆ ಅದೇ ಆಪರೇಷನ್ ಆಗಿತ್ತು, ತೂಕ ಇಳಿದೂ ಇತ್ತು, ಮತ್ತೆ ಏರುತ್ತಿತ್ತು. "ಅನ್ನ ಹೋಗಲ್ಲಮ್ಮ, ನಿಜ. ಮನಸ್ಸು ಕೆಟ್ಟಾಗ ಐಸ್‌ಕ್ರೀಮು ಕರಗಿಸಿ ಕುಡೀತೀನಿ. ಅದು ಹೋಗತ್ತೆ" ಅಂದಳಂತೆ.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಕೌನ್ಸೆಲಿಂಗ್ ಮೇಡಂ ಜೊತೆ ಮಾತಾಡಿ ಒಪ್ಪಿಗೆ ಪಡೆಯಬೇಕಿತ್ತು. ದುಃಖಕ್ಕೆ ತಿನ್ನುವವರಾ ಅಂತ ಅವರು ಕೇಳುತ್ತಾರೆ, ಹೌದು ಅಂದರೆ ತಡೆಹಿಡಿಯುತ್ತಾರೆ ಅಂತ ಯಾರೋ ಹೇಳಿದರು. ಊಟದ ಬಿಡುವಿನಲ್ಲಿ ಲಾಂಡ್ರಿಯ ಹೆಂಗಸರೆಲ್ಲ ಸುತ್ತ ಕೂತರು. ನಮ್ಮವರಿಗೆ ಮೇಜಿನ ಆಚೆ ಕೂತು ಪ್ರಶ್ನೆ ಕೇಳುವವರು ಅಂದರೆ ಒಂದೇ ಅರ್ಥ: ಮ್ಯಾನೇಜ್‌ಮೆಂಟಿನ ಎನ್‌ಕ್ವೈರಿ. ಅದಕ್ಕೆ ತಯಾರಿ ಮಾಡುವುದರಲ್ಲಿ ಅವರು ಪಳಗಿದವರು.

"ಕೇಳಿದ್ದಕ್ಕಷ್ಟೇ ಉತ್ತರ. ಒಂದು ಮಾತು ಹೆಚ್ಚಿಗೆ ಬೇಡ" ಅಂದಳು ಬಿಸಿ ಉರುಳೆಗೆ ಶೀಟು ಹಾಕುವ ಇಸ್ತ್ರಿಯವಳು.

"ಏನನ್ನೂ ಒಪ್ಕೋಬೇಡ. ಒಂದು ಒಪ್ಕೊಂಡ್ರೆ ಅದರ ಬಾಲ ಹಿಡ್ಕೊಂಡು ಬರ್ತಾರೆ" ಅಂದಳು ಕಡ್ಡಿ. ಅವಳು ಆ ವರ್ಷವೇ ಒಂದು ಎನ್‌ಕ್ವೈರಿ ದಾಟಿ ಬಂದಿದ್ದಳು.

"ಮುಖ ನೋಡಿ ನಗ್ತಾರೆ, ನೀರು ಕೊಡ್ತಾರೆ. ಕರಗಬೇಡ" ಅಂದಳು ಇನ್ನೊಬ್ಬಳು.

ಮೈಕಮ್ಮ ಕರಗಲಿಲ್ಲ. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ನಕ್ಕರು, ನೀರು ಕೊಟ್ಟರು.

"ಬೇಜಾರಾದಾಗ ಏನಾದ್ರೂ ತಿನ್ನಬೇಕು ಅನ್ಸತ್ತಾ ಅಮ್ಮಾ?"

"ಇಲ್ಲ."

"ಹೊಟ್ಟೆ ತುಂಬಿದ ಮೇಲೂ ತಿನ್ನೋದುಂಟಾ?"

"ಇಲ್ಲ."

"ಇಷ್ಟು ವರ್ಷದಲ್ಲಿ ಮನೇಲಿ ಯಾರಾದ್ರೂ ಹತ್ತಿರದವರು ತೀರಿಕೊಂಡಿದ್ದು?"

"ಇಲ್ಲ."

ಮೇಡಂ ಸಹಿ ಹಾಕಿದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಲಾಂಡ್ರಿಯಲ್ಲಿ ಹೆಂಗಸರು ಎನ್‌ಕ್ವೈರಿ ಗೆದ್ದ ಹಾಗೆ ಕುಣಿದರು. "ಒಂದಕ್ಕೂ ಸಿಕ್ಕಿಬೀಳಲಿಲ್ವಲ್ಲೇ" ಅಂತ ಇಸ್ತ್ರಿಯವಳು ಬೆನ್ನು ತಟ್ಟಿದಳು. ಮೈಕಮ್ಮ ಮಾತ್ರ ಶೀಟಿನ ಮೂಲೆ ಹಿಡಿದು ಸುಮ್ಮನೆ ನಿಂತಿದ್ದಳು. ಕಡ್ಡಿ ಪೂರ್ತಿ ದೂರ ನಡೆದು ಬಂದು, ಕೈ ಚಾಚಿ, "ಕೊಡಿ ಮೈಕಮ್ಮ" ಅಂತ ಕೇಳಬೇಕಾಯಿತು.

ಆ ವಾರ ಅವಳು ಸಂಘದ ಆಫೀಸಿಗೆ ಬಂದಳು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವವರೆಗೂ ಮಾತಾಡಲಿಲ್ಲ.

"ಅಣ್ಣ, ನಮ್ಮಕ್ಕ ಸತ್ತಿಲ್ಲ ಅಂದುಬಿಟ್ಟೆ."

"ಯಾರಿಗೆ?"

"ಆ ಮೇಡಂಗೆ. ಎಲ್ಲದಕ್ಕೂ ಇಲ್ಲ ಅಂತ ಹೇಳ್ತಾ ಹೇಳ್ತಾ ಅದಕ್ಕೂ ಇಲ್ಲ ಅಂದೆ. ಮನೆಗೆ ಬಂದು ಎರಡು ತಟ್ಟೆ ಹಾಕಿದೆ. ಹಾಕಿದ ಮೇಲೆ ನೋಡ್ತೀನಿ, ಸುಳ್ಳು ಹೇಳಿದ್ದು ಮೇಡಂಗೆ ಮಾತ್ರ ಅಲ್ಲ. ಇಷ್ಟು ವರ್ಷ ದಿನಾ ಸಂಜೆ ಅದನ್ನೇ ಹೇಳ್ಕೊಂಡು ಬಂದಿದೀನಿ."

ನಾನು ಸಂಘಟನೆಯ ಮನುಷ್ಯ. ಕೈಗೆ ಬಂದ ಒಪ್ಪಿಗೆಯನ್ನು ಬಿಡಬಾರದು ಅನ್ನುವುದು ನನ್ನ ರಕ್ತದಲ್ಲಿದೆ. "ಆಪರೇಷನ್ ಆಗಲಿ. ಮಂಡಿ ಉಳಿಯುತ್ತೆ. ಅಕ್ಕನ ವಿಷಯ ಆಮೇಲೆ" ಅಂದೆ.

"ಆಮೇಲೆ ಅವಳ ಪಾಲು ಎಲ್ಲಿಡೋದು? ಬಾಳೆಹಣ್ಣಿನಷ್ಟು ಜಾಗ. ನನ್ನದೇ ಹಿಡಿಯಲ್ಲ. ಸಂಜೆ ಆಗತ್ತೆ, ಆಗಲ್ವಾ? ಆಪರೇಷನ್ ಆದೋರಿಗೂ ಸಂಜೆ ಆಗತ್ತೆ. ಆಗ ನಾನು ಏನ್ ಮಾಡ್ಲಿ ಹೇಳು. ಕತ್ತರಿಗೆ ಹೆದರಿಲ್ಲ ಅಣ್ಣ ನಾನು. ಆ ಹೊತ್ತಿಗೆ ಹೆದರ್ತೀನಿ."

ಪೊಲೀಸರಿಗೆ ಹೆದರದವಳು ಸಂಜೆಗೆ ಹೆದರುತ್ತಾಳೆ ಅಂದರೆ ಯಾವ ಭಾಷಣ ಮಾಡುವುದು.

ಅವಳು ಯಾರನ್ನೂ ಕೇಳದೆ ಮತ್ತೆ ಆಸ್ಪತ್ರೆಗೆ ಹೋದಳು. ಆ ಮೇಡಂ ಮುಂದೆ ಕೂತು, "ನಾನು ಹೇಳಿದ್ದು ಪೂರ್ತಿ ಸುಳ್ಳು. ನಮ್ಮಕ್ಕ ಸತ್ತಿದಾಳೆ" ಅಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಡಂ ಬೈಯಲಿಲ್ಲ. "ಅಕ್ಕ ಹೇಗಿದ್ರು ಹೇಳಿ" ಅಂದರಂತೆ. ಹೊರಗೆ ಕಾಯುತ್ತಿದ್ದವರು ಗೊಣಗುವವರೆಗೂ ಹೇಳಿದಳಂತೆ. ಎರಡು ತಟ್ಟೆ, ಬ್ರೆಡ್ಡು, ಬಿಸ್ಕತ್ತು, ಎಲ್ಲ. ಕೊನೆಗೆ ಮೇಡಂ, "ಆಪರೇಷನ್ ಬೇಡ ಅಂತಲ್ಲ ಅಮ್ಮಾ, ಈಗ ಬೇಡ. ಹೊಟ್ಟೆ ಚಿಕ್ಕದಾದ ಮೇಲೆ ಈ ದುಃಖ ನಿಮ್ಮನ್ನ ಬೀಳಿಸಬಾರದು. ವಾರ ವಾರ ಬನ್ನಿ, ಮಾತಾಡೋಣ. ಆಮೇಲೆ ಮತ್ತೆ ದಿನ ನೋಡೋಣ" ಅಂದು ಗೊತ್ತಾಗಿದ್ದ ದಿನವನ್ನು ಹೊಡೆದು ಹಾಕಿದರು.

ಲಾಂಡ್ರಿಯ ಹೆಂಗಸರಿಗೆ ಸಿಟ್ಟು ನೆತ್ತಿಗೇರಿತು. "ಗೆದ್ದ ಎನ್‌ಕ್ವೈರಿಗೆ ತಾನಾಗಿ ವಾಪಸ್ ಹೋಗಿ ತಪ್ಪೊಪ್ಕೊಂಡವಳು ಈ ಭೂಮಿ ಮೇಲೆ ನೀನೊಬ್ಬಳೇ ಕಣೇ" ಅಂದಳು ಇಸ್ತ್ರಿಯವಳು. ಮೈಕಮ್ಮ ತಿರುಗಿ ಮಾತಾಡಲಿಲ್ಲ. ಅದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತು.

ಮಂಡಿ ಯಾರಿಗೂ ಕಾಯಲಿಲ್ಲ. ಮಡಿಸುವ ಜಾಗದಲ್ಲಿ ನಿಲ್ಲಲು ಆಗದೆ ಅವಳನ್ನು ಕೊಳೆ ಬಟ್ಟೆ ವಿಂಗಡಿಸುವ ಕಡೆ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿ ಜೋಡಿ ಬೇಕಿಲ್ಲ. ರಕ್ತದ್ದು ಒಂದು ಕಡೆ, ಮಿಕ್ಕಿದ್ದು ಒಂದು ಕಡೆ. ಇನ್ನೊಂದು ಬಾಗಿಲಿನ ಬಿಳಿ ಶೀಟುಗಳು ಅಲ್ಲಿಗೆ ಕಾಣುವುದಿಲ್ಲ. ಕಡ್ಡಿಗೆ ಬೇರೆ ಜೋಡಿ ಸಿಕ್ಕಿತು.

ಮೊನ್ನೆ ಸಂಜೆ ಅವಳ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಎರಡು ಮಂಚ. ಅಕ್ಕನ ಮಂಚದ ಮೇಲೆ ಶೀಟು ಮಡಿಸಿಟ್ಟಿತ್ತು. ಒಬ್ಬಳೇ ಮಡಿಸಿದ್ದು ಅಂತ ನನಗೂ ಗೊತ್ತಾಗುವಷ್ಟು ಮೂಲೆ ಸೊಟ್ಟಗಿತ್ತು.

"ನಿನಗೆ ಊಟ ಇಲ್ಲ ಅಣ್ಣ. ಒಂದೇ ಲೋಟ ಹಾಕಿದೀನಿ. ಬೇಜಾರು ಮಾಡ್ಕೋಬೇಡ."

ನನ್ನ ಎದುರಿಗೇ ಉಂಡಳು. ಒಂದು ತಟ್ಟೆ. ಇನ್ನೊಂದು ಗೂಡಿನಲ್ಲಿ ಮಗುಚಿಟ್ಟಿತ್ತು. ಉಂಡಾದ ಮೇಲೆ ಕೈ ತೊಳೆದು ಬಂದು ಕೂತು, "ಇನ್ನು ಶುರು ನೋಡು" ಅಂದಳು. ಹೊರಗೆ ಬಸ್ಸು ಹೋಯಿತು. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಜಗಳ ಆಡುತ್ತಿದ್ದರು. ಮೈಕಮ್ಮ ಹೆಗಲ ಮೇಲಿನ ಟವೆಲ್ಲು ತೆಗೆದು ಮೂಲೆಗೆ ಮೂಲೆ ಸೇರಿಸಿ ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಈ ಹೊತ್ತಲ್ಲಿ ಏನು ಮಾಡು ಅಂದಿದಾರೆ ಮೇಡಂ?"

"ಏನೂ ಮಾಡಬೇಡಿ, ಕೂತ್ಕೊಳ್ಳಿ ಅಂದಿದಾರೆ. ಅಳು ಬಂದ್ರೆ ಅಳಿ ಅಂದಿದಾರೆ. ಬರ್ತಿಲ್ಲ. ಹಸಿವೂ ಇಲ್ಲ, ಅಳೂನೂ ಇಲ್ಲ. ಬರೀ ಅಕ್ಕ ಇಲ್ಲ."

"ನಿನ್ನೆ?"

"ನಿನ್ನೆ ಎರಡು ಲೋಟ ಹಾಕ್ಬಿಟ್ಟೆ." ಸುಳ್ಳು ಹೇಳಲಿಲ್ಲ. "ಎರಡೂ ತಿಂದೆ."

ನಾನು ಏಳಲು ಹೊರಟೆ. ಅವಳು ಟವೆಲ್ಲಿನಿಂದ ಕಣ್ಣೆತ್ತದೆ, "ಕೆಳಗಿನ ಅಂಗಡಿಯವನು ಷಟರ್ ಎಳೆಯೋವರೆಗೂ ಕೂತಿರು ಅಣ್ಣ. ಎಳೆದ ಮೇಲೆ ಬೇಕಂದ್ರೂ ಏನೂ ಸಿಗಲ್ಲ" ಅಂದಳು.

ಕೂತೆ. ಸಂಘದ ವಿಷಯ ಎತ್ತಿದೆ, ಅದು ಮುಂದೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗೆ ಷಟರ್ ಗಡಗಡ ಇಳಿದು ನೆಲಕ್ಕೆ ಬಡಿಯಿತು. ಅವಳ ಭುಜ ಸ್ವಲ್ಪ ಸಡಿಲಾಯಿತು.

"ಇನ್ನು ಹೋಗು" ಅಂದಳು. ಮ್ಯಾನೇಜರನ ಕಿಟಕಿ ಮುಚ್ಚಿಸಿದ ಗಂಟಲು ಅದು. ಏನಂದಳು ಅಂತ ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯಿತು.