ಪೇಮಕ್ಕನ ಮಡಿಲಕ್ಕಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಈ ಇಲಾಖೆಗಳ ಜೊತೆ ನಾನು ಎಂದೂ ವ್ಯವಹಾರ ಇಟ್ಟುಕೊಂಡವನಲ್ಲ. ಮೂವತ್ತೈದು ವರ್ಷ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದವನು. ಹುಣಸೆಮರದ ಮೋಹಿನಿಯ ಕಥೆ ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನ್ನ ಆಕ್ಷೇಪವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ, ಬಹುಶಃ ಇನ್ನೂ ಜೋರಾಗಿ.

ಪಿರಿಯಾಪಟ್ಟಣದ ಆಚೆಗಿರುವ ಟಿಬೆಟನ್ ಕ್ಯಾಂಪಿನ ಪೇಮಾ ನಮಗೆ ಪೇಮಕ್ಕ. ಅಪ್ಪನ ಬೆನ್ನ ಮೇಲೆ ಕೂತು ಹಿಮದ ಗುಡ್ಡ ದಾಟಿ ಬಂದ ಮಗು, ಈಗ ಎಪ್ಪತ್ತು ದಾಟಿದ ಹೆಂಗಸು. ಆಕೆಯ ಮುಸುಕಿನ ಜೋಳದ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದೇ ಬದು. ಆ ಬದುವಿನ ವಿಷಯಕ್ಕೆ ಆಕೆಗೂ ನನ್ನ ಹೆಂಡತಿ ಜಯಮ್ಮನಿಗೂ ಮೊದಲು ಜಗಳವಾಯಿತು, ಆಮೇಲೆ ಮೂವತ್ತು ವರ್ಷ ಬಿಡದ ಸ್ನೇಹ. ನಾನು ಹೇಳುತ್ತಿರುವ ಹೊತ್ತಿಗೆ ಜಯಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಪೇಮಕ್ಕನ ತಂಗಿ ಕೆನಡಾದಲ್ಲಿ ಒಬ್ಬಳೇ ಇದ್ದಳು. ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಅಕ್ಕ ಬಂದು ಜೊತೆಗಿರಲಿ ಎಂದು ವರ್ಷಗಟ್ಟಲೆ ಅಲೆದು ಕಾಗದಪತ್ರ ಮಾಡಿಸಿದ್ದಳು. ಒಪ್ಪಿಗೆಗೆ ಸಹಿ ಹಾಕುವ ಕೊನೆಯ ದಿನ ಬಂದರೂ ಪೇಮಕ್ಕ ಪೆನ್ನು ಮುಟ್ಟಲೊಲ್ಲಳು.

"ಒಂದ್ಸಲ ದೇಸ ಬುಟ್ ಬಂದಿದ್ದೇ ಸಾಕು ಮೇಷ್ಟ್ರೇ. ಆಗ ಅಪ್ಪ ಒತ್ಕಂಡ್ ಬಂದ. ಈಗ ಯಾರ್ ಒತ್ಕಂಡ್ ಓಗ್ತಾರೆ?"

ಹೀಗೆ ಅಂಜುವ ನಿರಾಶ್ರಿತರಿಗೆಂದೇ ಒಂದು ಸಂಸ್ಥೆಯವರು ಆ ದಿನ ಕ್ಯಾಂಪಿನ ಸಮುದಾಯ ಭವನಕ್ಕೆ ವರ್ಚುವಲ್ ರಿಯಾಲಿಟಿ ಕನ್ನಡಕ ತಂದಿದ್ದರು. ಗಾಣದ ಎತ್ತಿಗೆ ಕಟ್ಟುವ ಕಣ್ಣುಪಟ್ಟಿಗಿಂತ ಸ್ವಲ್ಪ ದಪ್ಪ. ಬೆಲೆ ಮಾತ್ರ ಎತ್ತಿಗಿಂತ ಹೆಚ್ಚಂತೆ. ಅದನ್ನು ಕಟ್ಟಿಕೊಂಡರೆ ನಿಂತಲ್ಲೇ ಕೆನಡಾದ ಬಸ್ ನಿಲ್ದಾಣ, ಅಂಗಡಿ, ಮನೆ ಎಲ್ಲವೂ ಸುತ್ತ ಕಾಣುತ್ತವೆ. ಹೋಗುವ ಮೊದಲೇ ಅಲ್ಲಿಯ ಬದುಕು ಅಭ್ಯಾಸವಾಗಲಿ ಎಂಬುದು ಉದ್ದೇಶ. ಕಲಿಸಲು ಬಂದಿದ್ದವರು ಹುಣಸೂರಿನ ಸಲ್ಮಾ. ಮೇಷ್ಟ್ರು ಬಂದರೆ ಮಾತ್ರ ಬರುತ್ತೇನೆಂದು ಪೇಮಕ್ಕ ಹಟ ಹಿಡಿದದ್ದರಿಂದ ನಾನೂ ಹೋದೆ. ಆಕೆ ಕಂಡದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ನಮಗೂ ಕಾಣುತ್ತಿತ್ತು.

ಬಸ್ಸು ಹತ್ತಿದ್ದಾಯಿತು, ಅಂಗಡಿ ಸುತ್ತಿದ್ದಾಯಿತು. ಅಡುಗೆಮನೆಯ ಬಾಗಿಲು ಬಂದಾಗ ಪೇಮಕ್ಕ ನಿಂತು ಚಪ್ಪಲಿ ಬಿಟ್ಟಳು.

"ಅಜ್ಜೀ, ಚಪ್ಲಿ ಇರ್ಲಿ, ಅದು ಬರೀ ಚಿತ್ರ" ಎಂದು ಸಲ್ಮಾ ನಕ್ಕರು.

"ಚಿತ್ರ ಆದ್ರೇನವ್ವ? ಅಡ್ಗೆಮನೆಗೆ ಚಪ್ಲಿ ಆಕ್ಕಂಡ್ ಓಗ್ತಾರಾ?"

ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟಳು. ಆಮೇಲೆ ಟಿಬೆಟನ್ ಭಾಷೆಯಲ್ಲಲ್ಲ, ನಮ್ಮ ಕನ್ನಡದಲ್ಲಿ, "ಅಯ್ಯೋ, ನೀನ್ಯಾವಾಗ್ ಬಂದ್ಯೆ?" ಎಂದಳು.

ಪರದೆಯಲ್ಲಿ ಒಲೆಯಿತ್ತು, ಫ್ರಿಜ್ ಇತ್ತು, ಒಂದು ಖಾಲಿ ಕುರ್ಚಿಯಿತ್ತು. ಬೇರೆ ಯಾರೂ ಇರಲಿಲ್ಲ.

"ಇಲ್ಲ ಕಣೆ, ಇನ್ನೂ ಸೈನ್ ಆಕಿಲ್ಲ... ಅವ್ರಾ? ಇಲ್ಲೇ ಅವ್ರೆ, ಚೆನ್ನಾಗವ್ರೆ... ಅಂಗಾ? ಉಪ್ಪಿಲ್ದ ಸಾರಾ? ಏಳ್ತೀನಿ ಬುಡು."

ಹಿಂದಿನ ರಾತ್ರಿ ನಾನು ಸಾರಿಗೆ ಉಪ್ಪು ಮರೆತದ್ದು ನಿಜ. ಅದನ್ನು ಯಾರಿಗೂ ವರದಿ ಮಾಡಿರಲಿಲ್ಲ. ಸಲ್ಮಾ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಅಷ್ಟರಲ್ಲಿ ಪೇಮಕ್ಕ ಉಡುಪಿನ ಮುಂದೆ ಕಟ್ಟಿಕೊಳ್ಳುವ ಪಟ್ಟೆಪಟ್ಟೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ ಹಾಕಿ ಮಡಿಲು ತುಂಬುತ್ತಾರೆ. ಪೇಮಕ್ಕನಂತೆ ಗಂಡ ಸತ್ತವರಿಗೆ ಹಾಗೆ ಮಾಡಬಾರದೆಂದು ಊರು ಅಂದಾಗ, "ಶಾಸ್ತ್ರ ನನ್ನ ಕೇಳಿ ಮಾಡಿದ್ರಾ?" ಎಂದು ಜಯಮ್ಮ ವರ್ಷವರ್ಷವೂ ಗೌರಿ ಹಬ್ಬಕ್ಕೆ ಪೇಮಕ್ಕನ ಮಡಿಲು ತುಂಬಿ ಕಳಿಸುತ್ತಿದ್ದಳು. ಆ ಮಧ್ಯಾಹ್ನ ಚಾಚಿದ ಬಟ್ಟೆ ಐದು ಸಲ ಭಾರಕ್ಕೆ ಜಗ್ಗಿದ್ದನ್ನು ನಾನು ಕಂಡೆ. ಮಡಿಲಕ್ಕಿ ಐದು ಹಿಡಿ ಲೆಕ್ಕ.

ಕನ್ನಡಕ ತೆಗೆದಾಗ ಆಕೆಯ ಕೆನ್ನೆ ಒದ್ದೆಯಾಗಿತ್ತು. ಬಟ್ಟೆಯ ಮಡಿಕೆ ಬಿಡಿಸಿದರೆ ಒಳಗೆ ಅರಿಶಿನ ಮೆತ್ತಿದ ಬೆರಳೆಣಿಕೆಯಷ್ಟು ಅಕ್ಕಿಕಾಳು. ಭವನದಲ್ಲಿ ಯಾರದೋ ಮದುವೆ ನಡೆದಿರಬೇಕು, ಅಕ್ಷತೆ ಗಾಳಿಗೆ ಹಾರಿ ಬಂದಿರಬೇಕು ಎಂದು ವಿಜ್ಞಾನದ ಮಾನ ಕಾಪಾಡಲು ನೋಡಿದೆ.

"ಗಾಳಿ ಎಲ್ಲಿದೆ ಸಾರ್? ಫ್ಯಾನೇ ಕೆಟ್ಟೋಗಿದೆ" ಎಂದರು ಸಲ್ಮಾ.

ನಾನೂ ಕನ್ನಡಕ ಕಟ್ಟಿಕೊಂಡೆ. ಆ ಅಡುಗೆಮನೆಯನ್ನು ಮೂರು ಸಲ ಸುತ್ತಿದೆ. ಕೊನೆಗೆ ನಾಚಿಕೆ ಬಿಟ್ಟು "ಜಯಾ" ಎಂದು ಕರೆದೆ. ಉತ್ತರ ಬರಲಿಲ್ಲ. ಬದುಕಿದ್ದಾಗಲೂ ಆಕೆ ನನ್ನ ಮೊದಲ ಕೂಗಿಗೆ ಓಗೊಟ್ಟವಳಲ್ಲ. ಎರಡನೆಯ ಸಲ ಕರೆಯದೆ ಪಟ್ಟಿ ಬಿಚ್ಚಲು ಕೈ ಹಾಕಿದೆ.

ಕನ್ನಡಕ ಕಳಚುವಷ್ಟರಲ್ಲಿ ಪೇಮಕ್ಕ ಸಹಿ ಹಾಕಿ ಮುಗಿಸಿದ್ದಳು. "ಮಡ್ಲು ತುಂಬುದ್ಮೇಲೂ ಇಲ್ಲೇ ಕುಂತಿರಾಕಾಯ್ತದಾ ಮೇಷ್ಟ್ರೇ?" ಎಂದಳು. ಎರಡೇ ಎರಡು ಕಾಳು ಕೊಡಿ, ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ. "ಕೊಟ್ಟಿದ್ದು ನಿಮ್ಗಲ್ಲ ಕಣ್ರೀ" ಎಂದು ಕಾಳು ಬಟ್ಟೆಯ ತುದಿಗೆ ಕಟ್ಟಿ ಗಂಟು ಬಿಗಿದಳು.

ಕೆನಡಾ ಸೇರಿದ ಮೇಲೆ ಒಂದು ಭಾನುವಾರ ಫೋನ್ ಮಾಡಿದಳು. ತಂಗಿಯ ಕೈ ಹಿಡಿದು ವಾಕಿಂಗ್ ಕರೆದುಕೊಂಡು ಹೋಗುತ್ತಾಳಂತೆ. ತಡೆಯಲಾರದೆ ಕೇಳಿದೆ, "ಆ ಅಕ್ಕಿ ಏನ್ ಮಾಡಿದ್ರಿ ಪೇಮಕ್ಕ?"

"ಬಂದ್ ದಿನಾನೇ ಅನ್ನ ಮಾಡ್ದೆ. ನಂಗೂ ತಂಗೀಗೂ ಒಟ್ಟೆ ತುಂಬ್ತು. ಬೆಳಿಗ್ಗೆಗೂ ಒಸಿ ಮಿಕ್ತು."

ಆಕೆ ತಮಾಷೆ ಮಾಡುವ ದನಿಯಲ್ಲಿ ಹೇಳಲಿಲ್ಲ. ಇದಕ್ಕೆ ವಿವರಣೆ ನನ್ನಲ್ಲಿಲ್ಲ. ಹುಡುಕುವುದನ್ನು ಬಿಟ್ಟಿದ್ದೇನೆ ಎಂದರೂ ಸುಳ್ಳಾದೀತು. ಆಕೆ ಗಂಟು ಬಿಗಿಯುವ ಮೊದಲು ಆ ಕಾಳುಗಳನ್ನು ನಾನೇ ಎಣಿಸಿದ್ದೆ. ಹನ್ನೊಂದಿದ್ದವು.