ಅವರಿಗೆಷ್ಟೋ ಇವರಿಗೂ ಅಷ್ಟೇ

ಬೆಳಗ್ಗೆ ಮುಖ ತೊಳೆದು ಬಂದ ನಮ್ಮ ಯಜಮಾನರ ಕಣ್ಣು ಹಳದಿಯಾಗಿತ್ತು. ನಮ್ಮೂರು ಕಡಬದ ಬಿಸಿಲಿಗೆ ಪಿತ್ತ ಏರಿರಬೇಕು ಅಂದುಕೊಂಡೆ. ವಾರ ಕಳೆಯುವುದರೊಳಗೆ ಹೊಟ್ಟೆ ಉಬ್ಬಿತು. ಕಾಲು ಊದಿಕೊಂಡವು.

ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು.

ಲಿವರ್ ಸಿರೋಸಿಸ್.

"ಕುಡೀತಾರಾ?" ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಭಾವ, ಅಂದರೆ ಇವರ ಅಣ್ಣ, ಮುಂದೆ ಬಂದರು. "ದಿನಾ ಸಂಜೆ ತೋಟದ ಮೋಟ್ರು ಆಫ್ ಮಾಡಿ ಇಬ್ರೂ ಕೂತ್ಕೋತೀವಿ ಸಾರ್. ಒಂದೇ ಬಾಟ್ಲು. ನಾನೇ ಹುಯ್ಯೋದು. ಅವ್ನಿಗೆಷ್ಟೋ ನಂಗೂ ಅಷ್ಟೇ. ನಂಗೇನೂ ಆಗಿಲ್ವಲ್ಲ!"

ಸುಳ್ಳಲ್ಲ. ತೆಂಗಿನ ತೋಟ ಭಾಗವಾದಾಗ ಒಂದು ಮರ ಹೆಚ್ಚುಕಮ್ಮಿ ಆಗದಂತೆ ನೋಡಿಕೊಂಡ ಮನುಷ್ಯ ಅವರು. ಎರಡು ಲೋಟ ಪಕ್ಕಪಕ್ಕ ಇಟ್ಟು, ಬಗ್ಗಿ ನೋಡಿ, ಕಡಿಮೆ ಬಿದ್ದದ್ದಕ್ಕೆ ಇನ್ನೊಂದು ತೊಟ್ಟು ಹಾಕುತ್ತಿದ್ದರು. ನಾನು ಗೊಣಗಿದರೆ ಇವರದು ಒಂದೇ ಮಾತು: "ಅಣ್ಣನ್ನ ನೋಡು, ಗುಂಡುಕಲ್ಲಿದ್ದಂಗವ್ನೆ. ನಂಗೇನಾಯ್ತದೆ, ಬುಡು."

ಡಾಕ್ಟರು ಭಾವನಿಗೂ ಟೆಸ್ಟ್ ಮಾಡಿಸಿದರು.

ನಾರ್ಮಲ್.

"ಒಬ್ಬೊಬ್ಬರ ದೇಹ ಒಂದೊಂದು ಥರ. ಅಣ್ಣತಮ್ಮ ಆದ್ರೂ ಅಷ್ಟೇ. ನಿಮಗೆ ಇವತ್ತು ನಾರ್ಮಲ್ ಇದೆ, ನಾಳೆಗೆ ಗ್ಯಾರಂಟಿ ಇಲ್ಲ. ನೀವೂ ಬಿಡಿ" ಎಂದರು.

ನಾರ್ಮಲ್ ಅಂದದ್ದು ಕೇಳಿ ನನಗೆ ಹೊಟ್ಟೆ ಉರಿಯಿತು. ಭಾವ ಚೆನ್ನಾಗಿರಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ತಾಯಿಯ ಹಾಲು, ಅದೇ ಮುದ್ದೆ, ಅದೇ ಬಾಟಲಿ. ನನ್ನ ಗಂಡನಿಗೆ ಮಾತ್ರ ಯಾಕೆ? ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ. ಭಾವ ಕಂಬಕ್ಕೆ ಒರಗಿ ನಿಂತು, "ನಾನೇ ಹುಯ್ದು ಕೊಟ್ನಲ್ಲಮ್ಮ" ಎಂದರು. ಬೈಯಬೇಕೆಂದಿದ್ದೆ. ಆಗಲಿಲ್ಲ.

ಈಗ ಮನೆಗೆ ಬಂದಿದ್ದೇವೆ. ಹೊಟ್ಟೆಯ ನೀರು ತೆಗೆದಿದ್ದಾರೆ, ಮತ್ತೆ ತುಂಬಬಹುದು ಎಂದಿದ್ದಾರೆ. ಊಟಕ್ಕೆ ಉಪ್ಪು ಬಂದ್. ಇನ್ನೆಷ್ಟು ವರ್ಷ ಅಂತ ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಎದ್ದು ಕೂತಿದ್ದಾರೆ, ಮಾತಾಡುತ್ತಾರೆ, ಅಷ್ಟು ಸಾಕು.

ಸಂಜೆ ಮೋಟ್ರು ಆಫ್ ಮಾಡಿ ಭಾವ ಬರುತ್ತಾರೆ. ಅವೇ ಎರಡು ಲೋಟ. ಉಪ್ಪಿಲ್ಲದ ಮಜ್ಜಿಗೆ. ಬಗ್ಗಿ ನೋಡಿ ಸಮ ಮಾಡುತ್ತಾರೆ.

"ನಿಮಗೆ ಉಪ್ಪು ಹಾಕ್ಲಾ ಭಾವ?"

"ಬ್ಯಾಡ ಕಣಮ್ಮ."

ನಿನ್ನೆ ಇವರಿಗೆ ಅರ್ಧವೂ ಇಳಿಯಲಿಲ್ಲ. "ನೀನೇ ಕುಡಿಯಣ್ಣ" ಎಂದು ಲೋಟ ತಳ್ಳಿದರು. ಭಾವ ಮುಟ್ಟಲಿಲ್ಲ.

"ನಿನ್ ಪಾಲು ನಿಂದೇ ಕಣ್ಲಾ. ನಿಧಾನಕ್ಕೆ ಕುಡಿ, ನಾನ್ ಕೂತಿರ್ತೀನಿ" ಎಂದು, ತಾವು ಕುಡಿದ ಖಾಲಿ ಲೋಟ ಹಿಡಿದು ಅಲ್ಲೇ ಕೂತರು.