ಮಾವನ ಕಿವಿಯೂ ಪೊಲೀಸಪ್ಪನ ವಾರ್ನಿಂಗೂ

ಕಳೆದ ವಾರ ನಮ್ಮ ಸೋದರಮಾವ ಮಾಡದ ತಪ್ಪನ್ನು ಹಟ ಹಿಡಿದು ಒಪ್ಪಿಕೊಂಡರು. ಅದೂ ಪೊಲೀಸರೇ ಬೇಡ ಬೇಡ ಅಂದರೂ!

ಮಾವ ಹುತ್ತೂರಿನವರು. ಹಿಪ್ಪುನೇರಳೆ ಬೆಳೆಯುತ್ತಾರೆ, ಮೀಸೆಗೆ ಬಣ್ಣ ಹಚ್ಚುತ್ತಾರೆ. ಕಿವಿ ಮಂದವಾಗಿದ್ದಕ್ಕೆ, ಅತ್ತೆಯ ಕಾಟ ತಡೆಯಲಾರದೆ, ಈಚೆಗೆ ಹಿಯರಿಂಗ್ ಏಡ್ ಹಾಕಿಸಿಕೊಂಡರು. ನೋಡಲು ಥೇಟ್ ಇಯರ್‌ಬಡ್. ಯಾರಾದರೂ ಕೇಳಿದರೆ, "ಬ್ಲೂಟೂತು ಕಣೋ, ಹಾಡು ಕೇಳಕ್ಕೆ" ಅನ್ನುತ್ತಾರೆ. ಮನೆಯವರು ಬಾಯಿ ಬಿಡುವಂತಿಲ್ಲ.

ಅವತ್ತು ಕಾರಿನಲ್ಲಿ ಕೋಲಾರಕ್ಕೆ ಹೊರಟಿದ್ದೆವು. ಮಾವನದೇ ಡ್ರೈವಿಂಗು. ಊರೊಳಗೆ ನುಗ್ಗುತ್ತಿದ್ದಂತೆ ಪೊಲೀಸಪ್ಪ ಕೈ ಅಡ್ಡ ಹಾಕಿದರು.

"ಹೆಡ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತೀರಾ ಯಜಮಾನ್ರೇ? ತೆಗೀರಿ ಅದನ್ನ!"

(ಕಾನೂನಿನಲ್ಲಿ ಹೆಡ್‌ಫೋನ್ ಎಂಬ ಪದ ಎಲ್ಲಿದೆ ತೋರಿಸಿ ಅನ್ನುವ ಲಾಯರ್ ಮಿತ್ರರೇ, ಆ ವಾದ ಕೋರ್ಟಿಗೆ ಇಟ್ಟುಕೊಳ್ಳಿ. ರಸ್ತೆಯಲ್ಲಿ ಸೀಟಿ ಹಿಡಿದವರದ್ದೇ ಕಾನೂನು.)

ಮಾವ ತೆಗೆದರು. ಅಲ್ಲಿಗೆ ಮುಗೀತು ಕಥೆ!

"ಲೈಸೆನ್ಸ್ ಎಲ್ಲಿ?"

"ಹುತ್ತೂರು ಸಾರ್."

"ಲೈಸೆನ್ಸ್ ರೀ, ಲೈಸೆನ್ಸ್!"

"ಹಿಪ್ಪುನೇರಳೆ ಹಾಕಿದೀನಿ ಸಾರ್."

ನಾನು ತಡೆಯಲಾರದೆ, "ಸಾರ್, ಅದು ಕಿವಿ ಕೇಳೋ ಮಷೀನು" ಅಂದೆ. ಪೊಲೀಸಪ್ಪ ಪೆಚ್ಚಾದರು. ಹಾಕಿಕೊಳ್ಳಿ ಅಂತ ಸನ್ನೆ ಮಾಡಿ, "ಮೊದ್ಲೇ ಹೇಳಬಾರ್ದಾ? ಇದಕ್ಕೆಲ್ಲ ಫೈನ್ ಇಲ್ಲ, ಹೋಗಿ" ಅಂದರು.

ಅಷ್ಟರಲ್ಲಿ ಟೀ ಅಂಗಡಿಯಿಂದ ಎದ್ದು ಬಂದರು ನೋಡಿ, ಮಾವನ ಬೀಗರು. ಮಗಳ ಮಾವ!

"ಏನ್ ಬೀಗ್ರೇ, ಏನಾಯ್ತು?"

ಮಾವನ ಮುಖ ಬಿಳಿಚಿಕೊಂಡಿತು. ಆದರೆ ನಾಲಿಗೆ ಚುರುಕು. "ಹೆಡ್‌ಫೋನ್ ಹಾಕ್ಕೊಂಡಿದ್ದೆ ಬೀಗ್ರೇ, ಹಿಡಿದ್ಬಿಟ್ರು. ಫೈನ್ ಹಾಕಿ ಸಾರ್!"

"ಅಯ್ಯೋ, ಬೇಡ ಯಜಮಾನ್ರೇ..."

"ತಪ್ಪು ಅಂದ್ರೆ ತಪ್ಪೇ ಸಾರ್. ಹಾಕಿ!"

ಪೊಲೀಸಪ್ಪ ಮಾವನನ್ನು ನೋಡಿದರು, ಬೀಗರನ್ನು ನೋಡಿದರು. ಏನು ಹೊಳೆಯಿತೋ, ದನಿ ಏರಿಸಿದರು. "ಈ ಸಲ ವಾರ್ನಿಂಗ್! ಇನ್ನೊಂದ್ಸಲ ಹಾಡು ಕೇಳ್ಕೊಂಡು ಓಡಿಸಿದ್ರೆ ಗಾಡಿ ಸೀಜ್ ಮಾಡ್ತೀನಿ!" (ಮಹಾನುಭಾವ. ಅವರ ಹೊಟ್ಟೆ ತಣ್ಣಗಿರಲಿ.)

"ಭಲೇ ಬೀಗ್ರೇ, ಈ ವಯಸ್ಸಲ್ಲೂ ಹಾಡಾ!" ಬೀಗರು ಮಾವನ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಕಾರು ಮುಂದೆ ಹೋದ ಮೇಲೆ ಕೇಳಿದೆ. "ನಿಜ ಹೇಳಿದ್ರೆ ಏನಾಗ್ತಿತ್ತು ಮಾವ?"

"ಸುಮ್ನಿರ್ಲಾ. ಕೆಪ್ಪ ಅಂತ ಗೊತ್ತಾದ್ರೆ ನನ್ನ ಮುಂದೇನೇ ನನ್ನ ಬಗ್ಗೆ ಮಾತಾಡ್ತಾರೆ."



ಕಾನೂನು ಮುರಿದೆ ಅಂದವನಿಗೆ ಶಹಬ್ಬಾಸ್, ಕಿವಿ ಕೇಳಲ್ಲ ಅಂದವನಿಗೆ ಅವಮಾನ. ಇದ್ಯಾವ ನ್ಯಾಯ ಸ್ವಾಮಿ?